ಅತಿಥಿಗಳ ಸಂಖ್ಯೆಯನ್ನು ಏಪ್ರಿಲಿನ ಬಾವಿ ಹೇಳಲಿ

ಹಳದಿ ಎಲೆ ರೋಗದಿಂದ ತೋಟ ಕಳಕೊಂಡ ನೆರೆಯವರೊಬ್ಬರು ಮೊನ್ನೆ ಮನೆಗೆ ಬಂದಿದ್ದರು. 'ಅಡಿಕೆ ನಂಬಿ ಕೂತರೆ ಇನ್ನು ಆಗ್ಲಿಕ್ಕಿಲ್ಲ ಮಾರಾಯ್ರೆ. ಗುಡ್ಡ ಸಮತಟ್ಟು ಮಾಡಿ ಹತ್ತು ಕೋಣೆ ಕಟ್ಟುವಾ ಅಂತ ಇದ್ದೇನೆ. ಬೆಂಗಳೂರಿನವರು ಬರ್ತಾರೆ' ಅಂದರು.

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಈ ರೋಗ ಎಷ್ಟು ಮನೆಗಳ ಆದಾಯ ನುಂಗಿದೆ ಎಂದು ನಮಗೆಲ್ಲ ಗೊತ್ತು. ಒಂದೇ ಪ್ರಶ್ನೆ ಕೇಳಿದೆ: 'ಏಪ್ರಿಲಿನಲ್ಲಿ ನಿಮ್ಮ ಬಾವಿಯಲ್ಲಿ ನೀರೆಷ್ಟಿರ್ತದೆ?'

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹತ್ತು ಕೋಣೆಗೆ 20 ಹಾಸಿಗೆ, ಅಂದರೆ 3,600 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಹಾಗಾದರೆ ಅತಿಥಿಗಳ ಒಂದು ದಿನದ ನೀರು ಸುಮಾರು 200 ಮರಗಳ ಪಾಲು! 10 ಮೀಟರ್ ಉದ್ದ, 5 ಮೀಟರ್ ಅಗಲದ ಈಜುಕೊಳ ಮಾಡಿ 1.2 ಮೀಟರ್ ನೀರು ನಿಲ್ಲಿಸಿದರೆ ಅದಕ್ಕೇ 60,000 ಲೀಟರ್. ಶಾಲೆಗೆ ರಜೆ ಸಿಕ್ಕಿ ಜನ ಹೊರಡುವುದೂ ಏಪ್ರಿಲ್-ಮೇ ತಿಂಗಳಲ್ಲೇ. ಬೋರ್‌ವೆಲ್ ಕೊರೆಸಬಹುದು. ಆದರೆ ಆ ನೀರು ಒಬ್ಬನ ಜಾಗದ ಅಡಿಯದ್ದು ಮಾತ್ರವಾ? ಕೆಳಗಿನ ಮನೆಯ ಬಾವಿ, ಸುರಂಗಗಳ ಗತಿ ಏನು?

ಎರಡನೆಯದು ಗುಡ್ಡ. 2018ರ ಆಗಸ್ಟಿನಲ್ಲಿ ನಮ್ಮ ಮಗ್ಗುಲಿನ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದದ್ದನ್ನು ಮರೆಯಲು ಸಾಧ್ಯವಿಲ್ಲ. ವಿಪರೀತ ಮಳೆ ಬಂದದ್ದು ಹೌದು. ಆದರೆ ಇಳಿಜಾರಿನ ಬುಡ ಕಡಿದು, ನೀರಿನ ದಾರಿ ತಪ್ಪಿಸಿದ ಮೇಲೆ ಗುಡ್ಡಕ್ಕೆ ಅಂಥ ಮಳೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಜೆಸಿಬಿ ಒಂದು ದಿನದಲ್ಲಿ ಕಡಿದದ್ದನ್ನು ನಮ್ಮ ಮಕ್ಕಳ ಕಾಲಕ್ಕೂ ಕಟ್ಟಲಾಗದು.

ಮಿತಿ ಹಾಕುವುದು ಹೊಸ ಮಾತೇನೂ ಅಲ್ಲ. 2024ರ ಜನವರಿ ಕೊನೆಗೆ ಕುಮಾರಪರ್ವತದಲ್ಲಿ ಜನಜಾತ್ರೆಯೇ ಆಯಿತು. ಕೊನೆಗೆ ಅರಣ್ಯ ಇಲಾಖೆ ಚಾರಣಕ್ಕೆ ದಿನಕ್ಕೆ ಇಷ್ಟೇ ಜನ ಎಂದು ನಿಗದಿ ಮಾಡಬೇಕಾಯಿತು. ಕಾಡಿಗೆ ಮಿತಿ ಬೇಕಾದರೆ ಊರಿಗೆ ಬೇಡವೇ?

'ಎರಡು ಕೋಣೆಯಲ್ಲಿ ಸಾಲ ತೀರ್ತದಾ?' ಎಂದು ನೆರೆಯವರು ಕೇಳಿದರು. ನ್ಯಾಯದ ಪ್ರಶ್ನೆ. ತೀರಲಿಕ್ಕಿಲ್ಲ. ಪ್ರವಾಸಿಗರು ನಮಗೆ ಎಡೆಬೆಳೆ, ಅಷ್ಟೇ. ಎಡೆಬೆಳೆಯನ್ನೇ ನಂಬಿ ಗುಡ್ಡ ಕಡಿಯಬಾರದು. ಕೊರೋನಾ ಬಂದಾಗ, 2020ರಲ್ಲಿ, ಈ ಬೆಳೆ ಒಂದೇ ದಿನದಲ್ಲಿ ಒಣಗಿತು.

ನನ್ನ ಸಲಹೆ ಇಷ್ಟು. ಒಬ್ಬರಲ್ಲಿ ಹತ್ತು ಕೋಣೆ ಬೇಡ; ಐದು ಮನೆಗಳಲ್ಲಿ, ಈಗಿರುವ ಮನೆಯಲ್ಲೇ, ಎರಡೆರಡು ಕೋಣೆ ಇರಲಿ. ನೀರಿನ ಭಾರ ಐದು ಬಾವಿಗೆ ಹಂಚಿಹೋಗುತ್ತದೆ, ದುಡ್ಡೂ ಐದು ಮನೆಗೆ. ಅತಿಥಿಗಳಿಂದ ಬಂದದ್ದರಲ್ಲಿ ಒಂದು ಪಾಲು ತೋಡಿಗೆ ಡಿಸೆಂಬರಿನಲ್ಲಿ ಹಾಕುವ ಕಟ್ಟಕ್ಕೆ ಮೀಸಲಿಡಿ. ಸ್ನಾನದ ನೀರನ್ನು ಬಾಳೆಬುಡಕ್ಕೆ ಬಿಡಿ. ಪ್ಲಾಸ್ಟಿಕ್ ತಂದವರೇ ವಾಪಸು ಕೊಂಡುಹೋಗಲಿ, ಇದನ್ನು ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ಪಂಚಾಯತು ಪರವಾನಗಿ ಕೊಡುವ ಮೊದಲು ಏಪ್ರಿಲಿನ ಬಾವಿಯನ್ನೊಮ್ಮೆ ಬಗ್ಗಿ ನೋಡಲಿ. ಗ್ರಾಮಸಭೆಯಲ್ಲಿ ಇದನ್ನು ಕೇಳುವವರು ನಾವೇ ಆಗಬೇಕು.

ಪೇಟೆಯವರು ಬರುವುದು ನಮ್ಮ ಟೈಲ್ಸ್ ನೋಡಲು ಅಲ್ಲ. ಹರಿಯುವ ತೋಡು, ಹಸಿರು ಗುಡ್ಡ, ಪತ್ರೊಡೆಯ ರುಚಿಗಾಗಿ. ತೋಡು ಬತ್ತಿದ ಊರಿಗೆ ಯಾರೂ ಬರಲಾರರು. ನಾವು ಮಾತ್ರ ಅಲ್ಲೇ ಇರಬೇಕಲ್ಲ!

ನೆರೆಯವರು ಜೆಸಿಬಿಯವನಿಗೆ ಸದ್ಯ ಬರಬೇಡ ಎಂದಿದ್ದಾರೆ. ಬರುವ ಏಪ್ರಿಲಿನಲ್ಲಿ ಹಗ್ಗಕ್ಕೆ ಗಂಟು ಹಾಕಿ ಬಾವಿ ಅಳೆಯುವುದೆಂದು ನಿಶ್ಚಯವಾಗಿದೆ. ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಂಡ ಕೃಷಿಕರು ತಮ್ಮ ನೀರಿನ ಲೆಕ್ಕ ಬರೆದು ಕಳಿಸಿದರೆ ಎಲ್ಲರಿಗೂ ಉಪಯೋಗವಾದೀತು.