ಓದಿನಲ್ಲಿ ಪಂಕ್ತಿಭೇದವೇಕೆ?

ಊಟದ ಪಂಕ್ತಿಯಲ್ಲಿ ಭೇದ ಸಲ್ಲದೆಂದು ವೇದಿಕೆಯ ಮೇಲೆ ಗಂಟೆಗಟ್ಟಲೆ ವಾದಿಸುವ ವಿದ್ವಾಂಸರೇ ಪುಸ್ತಕಗಳನ್ನು ಪಂಕ್ತಿಗೆ ಕೂಡಿಸುವಾಗ ಆ ಭೇದವನ್ನು ಮರಳಿ ತರುತ್ತಾರೆ. ಮಹಾಕಾವ್ಯಕ್ಕೆ ಮೊದಲ ಮಣೆ, ಕಾದಂಬರಿಗೆ ಎರಡನೆಯದು, ಪ್ರವಾಸಕಥನಕ್ಕೂ ಆತ್ಮಚರಿತ್ರೆಗೂ ಪಡಸಾಲೆಯ ಮೂಲೆ, ಯಕ್ಷಗಾನದ ಪ್ರಸಂಗ, ಮಕ್ಕಳ ಪುಸ್ತಕ, ವಿಜ್ಞಾನದ ಹೊತ್ತಗೆಗಳಿಗೆ ಜಗಲಿ, ಪತ್ತೇದಾರಿ ಕಥೆಗಂತೂ ಅಂಗಳವೇ ಗತಿ. ಇವೆಲ್ಲವನ್ನೂ ಒಂದೇ ಅಕ್ಕರೆಯಿಂದ ಓದುವವನು ಕಣ್ಣಿಗೆ ಬಿದ್ದರೆ, ಅಭಿರುಚಿಯಿಲ್ಲದವನೆಂದು ಅವನನ್ನು ಕಂಡು ನಗುತ್ತಾರೆ. ಈ ನಗೆಯು ನಿರಪಾಯವಾದುದಲ್ಲ. ಹಳ್ಳಿಯ ಗ್ರಂಥಾಲಯದ ಕಪಾಟಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಕಡೆಗೆ ನಿರ್ಣಯಿಸುವದು ಇದೇ ನಗೆ.

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿರುವ ಅಮದಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ದಿಕ್ಕಿಗೆ ಕಡಲು, ಇನ್ನೊಂದು ದಿಕ್ಕಿಗೆ ಸಹ್ಯಾದ್ರಿಯ ಬೆಟ್ಟಸಾಲು. 1862ರಿಂದ 1956ರ ವರೆಗೆ ಈ ಸೀಮೆಯು ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಮನೆಯ ಕೊಂಕಣಿ, ಶಾಲೆಯ ಕನ್ನಡ, ಪೇಟೆಯ ಮರಾಠಿಗಳು ಒಂದೇ ನಾಲಗೆಯ ಮೇಲೆ ಜಗಳವಿಲ್ಲದೆ ಬಾಳಿದ ನೆಲವಿದು. ಇಲ್ಲಿನ ಬಾಯಿಗೇ ಒಂದು ಭಾಷೆ ಸಾಲದಿರುವಾಗ ಇಲ್ಲಿನ ಕಣ್ಣಿಗೆ ಒಂದೇ ಬಗೆಯ ಪುಸ್ತಕ ಸಾಕಾದೀತೆ?

ಇಂಥ ಊರಿನ ಪುಸ್ತಕಪ್ರೇಮಿಯೊಬ್ಬನು ತನ್ನ ಮೆಚ್ಚಿನ ಗ್ರಂಥಗಳ ಪಟ್ಟಿಯನ್ನು ಬರೆದನೆಂದು ವಾಚಕರು ಭಾವಿಸಲಿ. ಅದರಲ್ಲಿ ಕುಮಾರವ್ಯಾಸನ ಭಾರತವಿರುವದು. ಅದರ ಬದಿಗೆ ಕರಾವಳಿಯ ಮೂರು ತಲೆಮಾರುಗಳ ಬಾಳನ್ನು ಹೇಳುವ ಕಾರಂತರ 'ಮರಳಿ ಮಣ್ಣಿಗೆ', ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ', ಅಂಕೋಲೆ ಸೀಮೆಯ ದಿನಕರ ದೇಸಾಯರ ಚೌಪದಿ, ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ', ತೇಜಸ್ವಿಯವರ 'ಪರಿಸರದ ಕತೆ', ಒಂದೆರಡು ಯಕ್ಷಗಾನ ಪ್ರಸಂಗಗಳು, ಕೊನೆಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸವೂ ಇರುವವು. ಪಂಡಿತನಿಗೆ ಇದು ಗೊಂದಲವಾಗಿ ಕಾಣುವದು. ಆದರೆ ಬಾಳು ಎಂಬುದು ಒಂದೇ ರಸದ್ದಲ್ಲ. ಬೆಳಿಗ್ಗೆ ಗದ್ದೆಯ ಚಿಂತೆ, ಮಧ್ಯಾಹ್ನ ಕಚೇರಿಯ ಕಾಗದ, ರಾತ್ರಿ ಬಯಲಾಟ ಇರುವ ಮನುಷ್ಯನು ಓದುವಾಗ ಮಾತ್ರ ಏಕರಸನಾಗಬೇಕೆಂಬುದು ಯಾವ ನ್ಯಾಯ?

ಹಲವು ಬಗೆಯನ್ನು ಓದುವವನಿಗೆ ಯಾವದರಲ್ಲಿಯೂ ಆಳವಿರುವದಿಲ್ಲ ಎಂಬುದು ಪ್ರತಿಪಕ್ಷದ ಮೊದಲನೆಯ ಬಾಣ. ಈ ಮಾತನ್ನು ಗ್ರಂಥಕರ್ತರಿಗೇ ಅನ್ವಯಿಸಿ ನೋಡೋಣವಾಗಲಿ. 'ಚೋಮನ ದುಡಿ'ಯನ್ನು ಬರೆದ ಕಾರಂತರೇ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನೂ ಬರೆದರು, ಯಕ್ಷಗಾನವನ್ನೂ ಶೋಧಿಸಿದರು, ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಯ ಚುನಾವಣೆಗೂ ನಿಂತರು. ಚಿತ್ತಾಲರು ರಸಾಯನಶಾಸ್ತ್ರವನ್ನು ವೃತ್ತಿಯಾಗಿ ನಡೆಸುತ್ತ ಕಥೆ ಬರೆದವರು. ದಿನಕರ ದೇಸಾಯರು ಮಕ್ಕಳಿಗೆ ಹಾಡು ಕಟ್ಟಿದರು, ದೊಡ್ಡವರಿಗೆ ಚೌಪದಿಯ ಚಾಟಿ ಬೀಸಿದರು, 1967ರಲ್ಲಿ ಲೋಕಸಭೆಗೂ ಆರಿಸಿ ಹೋದರು. ಕವೀಂದ್ರ ರವೀಂದ್ರರು 76ನೆಯ ವಯಸ್ಸಿನಲ್ಲಿ, 1937ರಲ್ಲಿ, 'ವಿಶ್ವಪರಿಚಯ'ವೆಂಬ ವಿಜ್ಞಾನಗ್ರಂಥವನ್ನು ಬರೆದು ವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಇವರಲ್ಲಿ ಆಳವಿಲ್ಲವೆನ್ನುವ ಧೈರ್ಯ ಯಾರಿಗಿದೆ? ಬರೆಯುವವನಿಗೆ ಭೂಷಣವಾದುದು ಓದುವವನಿಗೆ ದೂಷಣವಾಗುವ ಬಗೆ ಹೇಗೆ?

ಕೀಳು ಪುಸ್ತಕವು ರುಚಿಯನ್ನು ಕೆಡಿಸುತ್ತದೆ ಎಂಬುದು ಎರಡನೆಯ ಬಾಣ. ಪುಸ್ತಕಗಳಲ್ಲಿ ಮೇಲು ಕೀಳು ಇಲ್ಲವೆಂದು ಯಾರೂ ವಾದಿಸಬೇಕಾಗಿಲ್ಲ. ಆದರೆ ಆ ತಾರತಮ್ಯವು ಒಂದೊಂದು ಪ್ರಕಾರದ ಒಳಗಿದೆಯೇ ಹೊರತು ಪ್ರಕಾರ ಪ್ರಕಾರಗಳ ನಡುವೆ ಅಲ್ಲ. ಸಪ್ಪೆಯಾದ ಮಹಾಕಾವ್ಯಕ್ಕಿಂತ ಹದವಾಗಿ ಹೆಣೆದ ಪತ್ತೇದಾರಿ ಕಥೆಯು ಮೇಲು. ಗಳಗನಾಥರು ಕನ್ನಡಿಗರಿಗೆ ಓದಿನ ಹುಚ್ಚನ್ನು ಹಿಡಿಸಿದುದು ಕೌತುಕದ ಕಾದಂಬರಿಗಳಿಂದಲೇ. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಆ ಪುಣ್ಯಾತ್ಮರು, ಕೊಳ್ಳುವವನ ಅಭಿರುಚಿಯನ್ನು ಪರೀಕ್ಷಿಸಿ ಗಂಟನ್ನು ಬಿಚ್ಚಲಿಲ್ಲ. ಮೊದಲನೆಯ ಮೆಟ್ಟಿಲನ್ನು ಕಿತ್ತೆಸೆದು ಮಹಡಿಗೆ ಬಾ ಎಂದು ಕರೆಯುವವರು ಓದುಗನ ಹಿತೈಷಿಗಳಲ್ಲ.

ಈ ವಿವಾದವು ಕೇವಲ ಪಂಡಿತರ ಪಡಸಾಲೆಯ ಚರ್ಚೆಯಾಗಿದ್ದರೆ ಅದಕ್ಕೆ ಇಷ್ಟು ಕಾಗದವನ್ನು ವ್ಯಯಿಸಬೇಕಾಗಿರಲಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಲ್ಲುತ್ತದೆ. ಕರ ಕೊಡುವಾಗ ಮೀನುಗಾರನೂ ಪಂಡಿತನೂ ಸಮಾನರು. ಪುಸ್ತಕವನ್ನು ಆರಿಸುವಾಗ ಮಾತ್ರ ಮೀನುಗಾರನ ಇಷ್ಟವನ್ನು ಕೇಳುವವರಿಲ್ಲ. 2019ರಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಕೈ ಬದಲಾದರೆ ಸಾಲದು, ಕಣ್ಣೂ ಬದಲಾಗಬೇಕು. ಒಂದು ಕಡೆ ಅಭಿನಂದನ ಗ್ರಂಥಗಳು, ಇನ್ನೊಂದು ಕಡೆ ಸ್ಪರ್ಧಾಪರೀಕ್ಷೆಯ ಮಾರ್ಗದರ್ಶಿಗಳು, ಇವೆರಡರಿಂದಲೇ ತುಂಬಿದ ಕಪಾಟಿಗೆ ಗ್ರಂಥಾಲಯವೆಂಬ ಹೆಸರು ಒಪ್ಪುವದಿಲ್ಲ.

ಈ ಸೀಮೆಯ ಅನುಭವವೇ ಇದಕ್ಕೆ ಸಾಕ್ಷಿ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕಡಲತಡಿಯ ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಡವನ್ನು ಬಿಟ್ಟುಕೊಟ್ಟು ಹೊರಟವು. ಭೂಸ್ವಾಧೀನದ ಕಾನೂನನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವ ಒಂದು ಪುಸ್ತಕವು ಆ ಜನಕ್ಕೆ ಯಾವ ಮಹಾಕಾವ್ಯಕ್ಕೂ ಕಡಿಮೆಯಾಗಿರಲಿಲ್ಲ. ಅದೇ ಜನಕ್ಕೆ ಬಿಟ್ಟುಬಂದ ಊರಿನ ನೆನಪನ್ನು ಹಿಡಿದಿಡಲು ಕಾದಂಬರಿಯೂ ಬೇಕು, ಹಾಡೂ ಬೇಕು. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಅಂಕೋಲೆಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಅಸಂಖ್ಯ ಹಾಡುಗಳನ್ನು ಪುಸ್ತಕದ ನೆರವಿಲ್ಲದೆ ನೆನಪಿನಲ್ಲಿಟ್ಟುಕೊಂಡಿದ್ದರು. ಅದೇ ದನಿಯನ್ನು ಸಾರಾಯಿಯ ವಿರುದ್ಧವೂ ಎತ್ತಿದರು. ಹಾಡು ಬೇರೆ, ಬದುಕು ಬೇರೆ ಎಂದು ಅವರು ಎಣಿಸಲಿಲ್ಲ.

1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ರವೀಂದ್ರರು ಇಲ್ಲಿಯೇ ಇದ್ದು 'ಪ್ರಕೃತಿರ್ ಪ್ರತಿಶೋಧ'ವೆಂಬ ನಾಟಕವನ್ನು ಬರೆದರು. ಲೋಕದ ಸಣ್ಣ ವಸ್ತುಗಳನ್ನೆಲ್ಲ ತುಚ್ಛವೆಂದು ತೊರೆದ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಬಾಲೆಯ ಮಮತೆಯು ಮರಳಿ ಲೋಕಕ್ಕೆ ಸೆಳೆಯುವ ಕಥೆಯದು. ಸಣ್ಣ ಪುಸ್ತಕಗಳನ್ನು ತೊರೆದ ಸಂನ್ಯಾಸಿಗಳು ಇದೊಂದನ್ನಾದರೂ ಓದಬೇಕು.

ಮಾಡಬೇಕಾದ ಕೆಲಸವು ದೊಡ್ಡದಲ್ಲ. ಪ್ರತಿಯೊಂದು ಹಳ್ಳಿಯ ಗ್ರಂಥಾಲಯದಲ್ಲಿ, ಓದುಗರು ಬೇಡಿದ ಪುಸ್ತಕಗಳ ಹೆಸರನ್ನು ಬರೆದಿಡುವ ಒಂದು ವಹಿಯಿರಲಿ. ವರುಷದ ಖರೀದಿಯು ಆ ವಹಿಯನ್ನು ನೋಡಿ ನಡೆಯಲಿ. ಆರಿಸುವವರ ಸಾಲಿನಲ್ಲಿ ದೋಣಿಯವನೂ, ಗದ್ದೆಯ ಹೆಣ್ಣುಮಗಳೂ, ಏಳನೆಯ ಇಯತ್ತೆಯ ಹುಡುಗಿಯೂ ಕೂಡಲಿ. ಪಂಡಿತರೂ ಬರಲಿ, ಅವರಿಗೂ ಅದೇ ಪಂಕ್ತಿಯಲ್ಲಿ ಒಂದು ಮಣೆಯಿದೆ.