ಎರಡು ಗುಲಾಬಿ, ಒಂದು ಗೋಡೆ

ಶೆಟ್ಟಿಹಳ್ಳಿಯ ಅಣ್ಣನ ಮನೆಯಲ್ಲಿ ಹೋದ ಗೌರಿಹಬ್ಬದ ಹೊತ್ತಿಗೆ ಒಂದು ವ್ಯಾಜ್ಯ ಎದ್ದಿತು. ಆಸ್ತಿಗಲ್ಲ, ನಡುಮನೆಯ ಗೋಡೆಗೆ. ಅಣ್ಣನ ಮಗ ಹಾಸನದಿಂದ ಬಣ್ಣದ ಕಾರ್ಡು ತಂದಿದ್ದ. ಅದರಲ್ಲಿ ಉಗುರಿನಷ್ಟಗಲದ ಒಂದು ಗುಲಾಬಿ, ಅದಕ್ಕೊಂದು ನಂಬರು. ಅತ್ತಿಗೆಯ ಗುಲಾಬಿಗೆ ನಂಬರಿಲ್ಲ. ಸುಣ್ಣಕ್ಕೆ ಒಂದು ಹಿಡಿ ಕೆಮ್ಮಣ್ಣು ಕದಡಿ ನಮ್ಮಮ್ಮ ಬಳಿಯುತ್ತಿದ್ದ ತಿಳಿಗೆಂಪು ಅದು. ಪಂಚಾಯಿತಿಗೆ ನನ್ನನ್ನು ಕರೆದರು. ನಾನು ಅತ್ತಿಗೆಯ ಪಕ್ಷ. ಹಳೆಯದೆಂಬ ಮೋಹಕ್ಕಲ್ಲ, ಕಾರಣವಿದೆ.

ಮೊದಲು ಕಣ್ಣಿನ ಮಾತು. ಕಾರ್ಡಿನ ಚೂರು ಗೋಡೆಯಲ್ಲ, ಸ್ವಾಮಿ. ನಾಲ್ಕೂ ಗೋಡೆಗೆ ಬಳಿದಾಗ ಒಂದರ ಕೆಂಪು ಇನ್ನೊಂದರ ಮೇಲೆ ಬಿದ್ದು ಬಣ್ಣ ಗಾಢವಾಗುತ್ತದೆ. ಕೆಳಗೆ ರೆಡ್ ಆಕ್ಸೈಡ್ ನೆಲ ಬೇರೆ. ಹುಡುಗನ ಗುಲಾಬಿ ನೀಲಿಯ ಕಡೆಗೆ ವಾಲಿದ್ದು. ಟ್ಯೂಬ್‌ಲೈಟಿನ ಕೆಳಗೆ ಬೂದಿ ಬಳಿದಂತೆ ಕಾಣುತ್ತದೆ. ಕೆಮ್ಮಣ್ಣಿನದು ಹಳದಿಯ ಕಡೆಯದು. ಸಂಜೆ ದೀಪ ಹಚ್ಚಿದರೆ ಕೋಣೆಯೇ ಬೆಚ್ಚಗಾಗುತ್ತದೆ.

ಆಮೇಲೆ ಗೋಡೆಯ ಮಾತು. ಅಣ್ಣನದು ಮಣ್ಣಿನ ಗೋಡೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾದರೂ ಗೋಡೆಯ ತೇವವನ್ನು ಹೊರಬಿಡುತ್ತದೆ. ಪ್ಲಾಸ್ಟಿಕ್ ಬಣ್ಣವೋ ಗೋಡೆಗೆ ತೊಡಿಸಿದ ರೈನ್‌ಕೋಟು. ಒಳಗಿನ ತೇವ ಬೊಬ್ಬೆಯೆದ್ದು ಬಣ್ಣ ಹಪ್ಪಳದಂತೆ ಕಳಚುತ್ತದೆ. ದೇವರ ಕೋಣೆಯಲ್ಲಿ ಆಗಿದ್ದೂ ಇದೇ. ಸಿಕ್ಕ ಬಣ್ಣದ ಪುಡಿಯನ್ನೆಲ್ಲ ಸುಣ್ಣಕ್ಕೆ ಬೆರೆಸಲೂ ಆಗದು. ಅದರ ಕ್ಷಾರಕ್ಕೆ ಎಷ್ಟೋ ಬಣ್ಣಗಳು ಬಿಳಿಚಿಕೊಳ್ಳುತ್ತವೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಜಗ್ಗುವುದಿಲ್ಲ.

ಸಾಕ್ಷಿ ಬೇಕೇ? ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ನಮ್ಮೂರ ಇಗರ್ಜಿಯ ಹತ್ತಿರ ನಿಂತು ನೋಡಿ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಇಟ್ಟಿಗೆ, ಗಾರೆಯಲ್ಲಿ ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಂದಿನಿಂದ ಮಳೆಗಾಲದ ನೀರಿಗೆ ಸಿಕ್ಕುತ್ತ ಬಂದಿದೆ. ಚಾವಣಿ ಹೋಯಿತು, ಗೋಡೆ ಕುಸಿಯುತ್ತಿದೆ. ಆದರೂ ಉಳಿದಷ್ಟರಲ್ಲಿ ಇಟ್ಟಿಗೆಯ ಕೆಂಪೂ ಗಾರೆಯ ಬಿಳುಪೂ ಒಂದಕ್ಕೊಂದು ಹಗೆಯಾಗಿಲ್ಲ.

ಸುಣ್ಣ ಅಂಗಿಗೆ ಅಂಟುತ್ತದೆ, ಒರೆಸಲು ಬಾರದು, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಎಲ್ಲವೂ ನಿಜ. ಒಣಗಿದ ಸಿಮೆಂಟು ಗೋಡೆಯಾದರೆ ಹುಡುಗನ ಡಬ್ಬಿಗೆ ನನ್ನ ತಕರಾರಿಲ್ಲ. ಮಣ್ಣಿನ ಗೋಡೆಗೆ ಮಾತ್ರ ಆ ಅಂಗಿ ಬೇಡ. ಬಳಿಯುವ ಖರ್ಚು ಉಳಿಸಲು ಹೋಗಿ ಗೋಡೆಯನ್ನೇ ಕಳೆದುಕೊಳ್ಳುತ್ತೀರಿ.

"ಎರಡನ್ನೂ ಒಂದೊಂದು ಮೊಳ ಬಳಿದು, ಹಗಲೂ ರಾತ್ರಿಯೂ ನೋಡಪ್ಪ" ಎಂದೆ. ಮೂರನೆಯ ದಿನ ಹುಡುಗನೇ ಪುಟ್ಟಿ ಹಿಡಿದು ಕೆಮ್ಮಣ್ಣಿಗೆ ಹೊರಟ.