ಪದ ಪರಿಚಯ: ‘ಅಲ್ಲ’ ಎನ್ನದ ‘ಇನ್’

ಪೆಟ್ರೋಲ್ ಸಾಗಿಸುವ ಟ್ಯಾಂಕರುಗಳ ಮೇಲೆ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂಬ ದಪ್ಪಕ್ಷರಗಳನ್ನು ವಾಚಕರು ಕಂಡಿರಬಹುದು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ತಪ್ಪು; ‘ವಿಸಿಬಲ್’ ಎಂದರೆ ಕಾಣುವಂಥದು, ‘ಇನ್‌ವಿಸಿಬಲ್’ ಎಂದರೆ ಕಾಣದಂಥದು. ಹಾಗಾದರೆ ‘ಫ್ಲೇಮ್’ ಎಂಬ ಜ್ವಾಲೆಯ ಹಿಂದೆ ‘ಇನ್’ ಬಂದರೆ ‘ಉರಿಯದ್ದು’ ಎಂದೇ ಅರ್ಥವಾಗಬೇಕಲ್ಲವೆ?

ಹಾಗಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಇನ್’ ಎಂಬ ಉಪಸರ್ಗಗಳು ಎರಡುಂಟು. ಒಂದು ನಿಷೇಧಾರ್ಥಕ, ಇನ್ನೊಂದಕ್ಕೆ ‘ಒಳಗೆ’ ಎಂಬ ಅರ್ಥ. ರೂಪ ಒಂದೇ ಆದರೂ ಕುಲ ಬೇರೆ. ಈ ಎರಡನೆಯ ‘ಇನ್’ ಸೇರಿ ‘ಉರಿ ಹೊತ್ತಿಸು’ ಎಂಬರ್ಥದ ‘ಇನ್‌ಫ್ಲಮ್ಮಾರೆ’ ಎಂಬ ಲ್ಯಾಟಿನ್ ಕ್ರಿಯಾಪದವಾಯಿತು. ಅದರ ವಂಶದ್ದೇ ‘ಇನ್‌ಫ್ಲ್ಯಾಮಬಲ್’: ಸುಲಭವಾಗಿ ಹೊತ್ತಿಕೊಳ್ಳುವಂಥದು.

ವ್ಯಾಕರಣದ ಈ ಗೊಂದಲ ಪ್ರಾಣಕ್ಕೇ ಎರವಾಗಬಹುದೆಂದು ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು ೧೯೨೦ರ ದಶಕದಲ್ಲಿಯೇ ಎಚ್ಚೆತ್ತು, ‘ಇನ್’ ಇಲ್ಲದ ‘ಫ್ಲ್ಯಾಮಬಲ್’ ಎಂಬ ರೂಪವನ್ನು ಬಳಸುವಂತೆ ಪ್ರಚಾರ ಮಾಡಿತು. ಆದ್ದರಿಂದ ಇಂದು ‘ಫ್ಲ್ಯಾಮಬಲ್’, ‘ಇನ್‌ಫ್ಲ್ಯಾಮಬಲ್’ ಎರಡಕ್ಕೂ ಒಂದೇ ಅರ್ಥ. ಉರಿಯದ ವಸ್ತುವಿಗೆ ‘ನಾನ್‌ಫ್ಲ್ಯಾಮಬಲ್’ ಎನ್ನುತ್ತಾರೆ.

ಇನ್ನು ನಿಷೇಧಾರ್ಥದ ‘ಇನ್’ ನಮಗೆ ಪರಕೀಯವೇನಲ್ಲ. ಸಂಸ್ಕೃತ ಮತ್ತು ಗ್ರೀಕ್ ಭಾಷೆಗಳ ‘ಅ’, ‘ಅನ್’, ಲ್ಯಾಟಿನ್ನಿನ ‘ಇನ್’, ಇಂಗ್ಲಿಷಿನ ಸ್ವಂತ ಸೊತ್ತಾದ ‘ಅನ್’—ಇವೆಲ್ಲ ಒಂದೇ ತಾಯಿಯ ಮಕ್ಕಳು. ಶತ್ರುವೆಂಬರ್ಥದ ‘ಎನಿಮಿ’ ಪದದ ಮೂಲ ಲ್ಯಾಟಿನ್ನಿನ ‘ಇನಿಮೀಕುಸ್’, ಎಂದರೆ ಮಿತ್ರನಲ್ಲದವನು. ಸಂಸ್ಕೃತದಲ್ಲಿಯೂ ಶತ್ರುವಿಗೆ ‘ಅಮಿತ್ರ’ ಎಂಬ ಹೆಸರುಂಟು! ‘ಇಮ್ಮಾರ್ಟಲ್’ ಎಂಬಲ್ಲಿ ಮಕಾರದ ಸಹವಾಸದಿಂದ ‘ಇನ್’ ‘ಇಮ್’ ಆಗಿದೆ. ಅರ್ಥ ಮಾತ್ರ ಸಾವಿಲ್ಲದ್ದು. ನಮ್ಮ ‘ಅಮೃತ’, ಗ್ರೀಕ್ ದೇವತೆಗಳ ಆಹಾರವಾದ ‘ಅಂಬ್ರೋಸಿಯ’ ಎರಡೂ ಅದರ ಜ್ಞಾತಿಗಳೇ. ‘ಇನ್‌ಫಂಟ್’ ಎಂದರೆ ಮೂಲದಲ್ಲಿ ಮಾತು ಬಾರದ್ದು, ಆದ್ದರಿಂದ ಹಸುಗೂಸು. ‘ಇನ್ನೊಸೆಂಟ್’ ಎಂದರೆ ಕೇಡು ಮಾಡದವನು.

ಇಷ್ಟು ತಿಳಿದರೆ ‘ಇನ್‌ವ್ಯಾಲ್ಯುಯಬಲ್’ ಎಂಬ ಪದವೂ ನಮ್ಮನ್ನು ದಿಕ್ಕು ತಪ್ಪಿಸದು. ಇದು ಬೆಲೆಯಿಲ್ಲದ ಕಸವಲ್ಲ, ಬೆಲೆ ಕಟ್ಟಲಾಗದ ವಸ್ತು. ‘ಅಮೂಲ್ಯ’ ಎಂಬ ಮಾತನ್ನು ದಿನವೂ ಆಡುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಆದರೆ ‘ಇನ್’ ಕಂಡಲ್ಲೆಲ್ಲ ‘ಅಲ್ಲ’ ಎಂದು ಓದುವುದು ಸಲ್ಲದು; ಸಂದೇಹ ಬಂದಾಗ ನಿಘಂಟನ್ನು ತೆರೆಯುವುದೇ ಲೇಸು. ಮನೆಯಲ್ಲಿರುವ ಸ್ಪಿರಿಟ್ ಸೀಸೆ, ಬಣ್ಣದ ಡಬ್ಬಿಗಳ ಮೇಲಿನ ಚೀಟಿಯನ್ನು ಮಕ್ಕಳಿಂದ ಒಮ್ಮೆ ಓದಿಸಿರಿ. ‘ಇನ್’ ಇರಲಿ, ಇಲ್ಲದಿರಲಿ, ‘ಫ್ಲ್ಯಾಮಬಲ್’ ಎಂದು ಕಂಡರೆ ಅದನ್ನು ಒಲೆಯಿಂದ ದೂರವಿಡಬೇಕೆಂದು ಅವರಿಗೆ ತಿಳಿಸಿರಿ.